ತಾರಸಿ ಮೇಲಿನ ಬಂತಣ್ಣ

ಹಗಲೆಲ್ಲ ಜನರ ಕಾಲ ಬುಡದಲ್ಲಿ, ಸಂಜೆಯೆಲ್ಲ ಅದೇ ಜನರ ತಲೆಯ ಮೇಲೆ. ಬಂತಣ್ಣನ ಬದುಕು ಬಹಳ ವರ್ಷ ಹೀಗೇ ನಡೆಯಿತು.

ಹಗಲು ಅವನು ಪೇಟೆಯ ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಗಿರಾಕಿ ಕುರ್ಚಿಯಲ್ಲಿ ಕೂತರೆ ಇವನು ಎದುರಿಗೆ ಮಂಡಿಯೂರಿ, ಅವರ ಹಿಮ್ಮಡಿಯನ್ನು ಮಗುವಿನ ತಲೆ ಹಿಡಿದಂತೆ ಹಿಡಿದು ಬೂಟಿನೊಳಗೆ ಇಳಿಸುತ್ತಿದ್ದ. "ಕಿರುಬೆರಳು ಒತ್ತುತ್ತಾ? ಎದ್ದು ನಾಲ್ಕು ಹೆಜ್ಜೆ ಹಾಕಿ ನೋಡಿ" ಎನ್ನುತ್ತಿದ್ದ. ಹಾಗಾಗಿ ಅವನಿಗೆ ಮುಖಗಳು ನೆನಪಿರುತ್ತಿರಲಿಲ್ಲ. ಬೀದಿಯಲ್ಲಿ ಯಾರಾದರೂ ನಮಸ್ಕಾರ ಎಂದರೆ ಮೊದಲು ಅವರ ಕಾಲು ನೋಡಿ, ಆಮೇಲೆ "ಓ, ನೀವಾ!" ಎಂದು ತಲೆ ಎತ್ತುತ್ತಿದ್ದ.

ಸಂಜೆ ಮನೆಗೆ ಬಂದ ಮೇಲೆ ಅವನ ಇನ್ನೊಂದು ಅವತಾರ ಶುರುವಾಗುತ್ತಿತ್ತು. ನಾಲ್ಕು ಅಂತಸ್ತಿನ ಹಳೆಯ ಕಟ್ಟಡದ ಮೇಲಿನ ಅಂತಸ್ತಿನಲ್ಲಿ ಅವನ ಮನೆ. ಅದರ ಮೇಲೆ ತಾರಸಿ. ತಾರಸಿಯ ತುಂಬ ಎಲ್ಲ ಮನೆಗಳ ಟೀವಿ ಆಂಟೆನಾಗಳು, ತಿಂದು ಬಿಟ್ಟ ಮೀನಿನ ಮುಳ್ಳುಗಳನ್ನು ಕೋಲಿಗೆ ಸಿಕ್ಕಿಸಿ ನಿಲ್ಲಿಸಿದ ಹಾಗೆ. ಗಾಳಿ ಬೀಸಿದರೆ, ಕಾಗೆ ಕೂತರೆ, ಯಾರಾದರೂ ಬಟ್ಟೆ ಒಣಹಾಕುವಾಗ ಮೊಣಕೈ ತಾಗಿಸಿದರೆ ಯಾವುದೋ ಒಂದು ಮನೆಯ ಚಿತ್ರ ಹೋಗುತ್ತಿತ್ತು. ಆಗ ಬಂತಣ್ಣನಿಗೆ ಕರೆ ಬರುತ್ತಿತ್ತು. ಅವನು ಮೇಲೆ ಹತ್ತಿ, ಕಂಬವನ್ನು ಕೂದಲೆಳೆಯಷ್ಟು ತಿರುಗಿಸಿ, ಕಟ್ಟೆಯ ಮೇಲಿಂದ ಬಗ್ಗಿ, "ಬಂತಾ?" ಎಂದು ಕೂಗುತ್ತಿದ್ದ. ಆ ಕೂಗು ಎಷ್ಟು ಪ್ರಸಿದ್ಧವಾಯಿತೆಂದರೆ ಹೆತ್ತವರು ಇಟ್ಟ ಹೆಸರು ಎಲ್ಲರಿಗೂ ಮರೆತೇ ಹೋಯಿತು. ಹೆಂಡತಿಯೂ ನೆರೆಯವರ ಹತ್ತಿರ ಮಾತಾಡುವಾಗ ಬಾಯಿ ತಪ್ಪಿ "ನಮ್ಮ ಬಂತಣ್ಣ" ಎಂದುಬಿಟ್ಟು ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು.

ಆ ಕಾಲದ ಟೀವಿಯಲ್ಲಿ ಚಿತ್ರ ಬರುವುದಕ್ಕೂ ಹೋಗುವುದಕ್ಕೂ ನಡುವೆ ಬೇಕಾದಷ್ಟು ಮೆಟ್ಟಿಲುಗಳಿದ್ದವು. "ಮೂಗಿನ ತನಕ ಬಂತು!" ಎನ್ನುತ್ತಿದ್ದರು ಕೆಳಗಿನವರು. "ಒಬ್ಬಳು ಇಬ್ಬರಾಗಿ ಕಾಣ್ತಿದಾಳೆ, ಇನ್ನೊಂಚೂರು ತಿರುಗಿಸು!" "ಸಾಕು ಸಾಕು, ಬರೀ ಮರಳು ಸುರೀತಿದೆ, ಅಷ್ಟು ನಡೆಯತ್ತೆ!" ಅವನ ಮನೆಯ ಕೆಳಗಿನ ಅಂತಸ್ತಿನಲ್ಲೇ ಕಾರು ಕಲಿಸುವ ಡ್ರೈವಿಂಗ್ ಮೇಷ್ಟರಿದ್ದರು. ಅವರು ಮಾತ್ರ ತಮ್ಮದೇ ಭಾಷೆಯಲ್ಲಿ ಹೇಳುತ್ತಿದ್ದರು. "ಲೆಫ್ಟಿಗೆ ಎಳ್ಕೊಳ್ಳಿ, ಇನ್ನೂ ಲೆಫ್ಟು, ನಿಧಾನ, ಕ್ಲಚ್ ಬಿಡಬೇಡಿ... ಹಾಂ, ನಿಲ್ಸಿ!"

ಇದರಲ್ಲಿ ಒಂದು ತಮಾಷೆಯಿತ್ತು. ಇಷ್ಟೆಲ್ಲ ಮನೆಗಳಿಗೆ ಚಿತ್ರ ತರಿಸಿಕೊಟ್ಟ ಬಂತಣ್ಣ ಒಂದೇ ಒಂದು ಧಾರಾವಾಹಿಯನ್ನೂ ಮೊದಲಿನಿಂದ ಕೊನೆಯವರೆಗೆ ಕಂಡವನಲ್ಲ. ಚಿತ್ರ ಬಂದಾಗ ಅವನು ಮೇಲಿರುತ್ತಿದ್ದ. ಅವನು ಕೆಳಗಿಳಿಯುವ ಹೊತ್ತಿಗೆ ಕಾರ್ಯಕ್ರಮವೇ ಮುಗಿದಿರುತ್ತಿತ್ತು.

ಹೀಗಿರುವಾಗ ಹಳೆಯ ಪ್ರಸಾರ ನಿಲ್ಲುತ್ತದೆ, ಇನ್ನು ಮುಂದೆ ಎಲ್ಲವೂ ಡಿಜಿಟಲ್ ಎಂಬ ಪ್ರಕಟಣೆ ಬಂತು. ಆಂಟೆನಾಕ್ಕೂ ಟೀವಿಗೂ ನಡುವೆ ಒಂದು ಡಬ್ಬಿ ಇಡಬೇಕು, ಅಷ್ಟೇ. "ಇನ್ನೇನು ಬಂತಣ್ಣಂಗೆ ರಜಾ" ಎಂದು ಮೇಷ್ಟರು ಮೆಟ್ಟಿಲ ಮೇಲೆ ನಿಂತು ನಕ್ಕರು. ಬಂತಣ್ಣನೂ ನಕ್ಕ. ಆದರೆ ಆ ನಗು ಮುಖಕ್ಕೆ ಬಂದಿತ್ತೇ ಹೊರತು ಹೊಟ್ಟೆಯಿಂದ ಬಂದದ್ದಾಗಿರಲಿಲ್ಲ.

ಪ್ರಸಾರ ಬದಲಾದ ದಿನ ಕಟ್ಟಡದಲ್ಲಿ ದೊಡ್ಡ ಗಲಾಟೆಯೇ ಆಯಿತು. ಎಲ್ಲ ಮನೆಗಳಲ್ಲೂ ಡಬ್ಬಿ ಕೂತಿತ್ತು, ಯಾವ ಮನೆಯಲ್ಲೂ ಚಿತ್ರವಿರಲಿಲ್ಲ. ಪರದೆಯ ಮೇಲೆ ಬರೀ 'ಸಿಗ್ನಲ್ ಇಲ್ಲ' ಎಂಬ ನೀಲಿ ಪಟ್ಟಿ. ಬಂತಣ್ಣ ಮದುವೆ ಮನೆಗೆ ಹೊರಟವನ ಹಾಗೆ ತಲೆ ಬಾಚಿಕೊಂಡು ತಾರಸಿ ಹತ್ತಿದ. ಮೊದಲು ಮೇಷ್ಟರ ಕಂಬ ಹಿಡಿದ. ಒಂದಿಷ್ಟು ತಿರುಗಿಸಿದ.

"ಬಂತಾ?"

ಉತ್ತರವಿಲ್ಲ. ಇನ್ನೊಂದಿಷ್ಟು ತಿರುಗಿಸಿದ.

"ಬಂತೂ!" ಎಂದರು ಕೆಳಗಿನಿಂದ. ಬಂತಣ್ಣ ಕೈ ಝಾಡಿಸಿಕೊಂಡ. ಅಷ್ಟರಲ್ಲಿ, "ಅಯ್ಯೋ, ಹೋಯ್ತು!"

ಹಿಂದಕ್ಕೆ ತಿರುಗಿಸಿದ. ಉತ್ತರವಿಲ್ಲ. ಇನ್ನೂ ಹಿಂದಕ್ಕೆ. "ಬಂತು!" ಕೈ ಬಿಟ್ಟ. "ಹೋಯ್ತು!"

ಆಗಿದ್ದಿಷ್ಟು. ಹೊಸ ಡಬ್ಬಿ ನಿಧಾನಸ್ಥ ಪ್ರಾಣಿ. ಸಿಗ್ನಲ್ ಸಿಕ್ಕಿದರೂ ಅದನ್ನು ಅಗಿದು ನುಂಗಿ ಚಿತ್ರ ಮಾಡುವುದಕ್ಕೆ ಅದಕ್ಕೆ ಸ್ವಲ್ಪ ಹೊತ್ತು ಬೇಕು. ಅದು ಅಗಿಯುವಷ್ಟರಲ್ಲಿ ಬಂತಣ್ಣ ಕಂಬವನ್ನು ಮುಂದಕ್ಕೆ ತಿರುಗಿಸಿಬಿಟ್ಟಿರುತ್ತಿದ್ದ. ಮೇಲೆ ಅವನು, ಕೆಳಗೆ ಮೇಷ್ಟರು, "ಬಂತು ಅಂದ್ರೆ ನಿಲ್ಸಬೇಕು ರೀ!" "ನಿಲ್ಸಿದ್ದೀನಿ ರೀ!" "ಹಾಗಾದ್ರೆ ಹೋಗಿದ್ದು ಯಾಕ್ರೀ?" ಎಂದು ಕಿತ್ತಾಡಿಕೊಂಡರು. ಕೊನೆಗೆ ಬಂತಣ್ಣನೇ ಉಪಾಯ ಕಂಡುಕೊಂಡ. ಕಂಬ ತಿರುಗಿಸಿ, ಕೈ ಬಿಟ್ಟು, ಒಂದು ಸಲ ನಿಧಾನವಾಗಿ ಆಕಳಿಸಿ, ಆಮೇಲೆ ಕೇಳುವುದು. ಆ ಆಕಳಿಕೆಯ ವಿದ್ಯೆಯಿಂದ ಒಂದೊಂದೇ ಮನೆಗೆ ಚಿತ್ರ ಬಂತು. ಅದೂ ಎಂಥ ಚಿತ್ರ! ವಾರ್ತೆ ಓದುವವಳ ಕಿವಿಯ ಹತ್ತಿರ ಹಾರುವ ಎಳೆಗೂದಲೂ ಕಾಣುತ್ತಿತ್ತು.

ಎಲ್ಲ ಮನೆಗೂ ಬಂತು. ಬಂತಣ್ಣನ ಮನೆಗೆ ಮಾತ್ರ ಬಂದ ಹಾಗೆ ಮಾಡಿ ಕೈ ಕೊಡುತ್ತಿತ್ತು.

ಅವನ ಮನೆಯಲ್ಲಿದ್ದದ್ದು ಮೂರೇ ಜನ. ಅವನು, ಅವನ ಹೆಂಡತಿ, ಹೆಂಡತಿಯ ತಾಯಿ. ಅತ್ತೆಗೆ ಕಾಲುನೋವು. ಚಪ್ಪಲಿ ಅಂಗಡಿಯ ಯಜಮಾನರು ಪ್ರದರ್ಶನಕ್ಕೆ ತರಿಸಿದ್ದ ಕಾಲು ಒತ್ತುವ ಯಂತ್ರವೊಂದನ್ನು ಯಾರೂ ಕೊಳ್ಳಲಿಲ್ಲವೆಂದು ಹಿಂದಿನ ವರ್ಷ ಬಂತಣ್ಣನಿಗೇ ಕೊಟ್ಟುಬಿಟ್ಟಿದ್ದರು. ಅದು ಎರಡು ತೂತುಗಳ ಪೆಟ್ಟಿಗೆ. ಒಂದೊಂದು ತೂತಿನಲ್ಲಿ ಒಂದೊಂದು ಕಾಲು ಇಟ್ಟು ಗುಂಡಿ ಅದುಮಿದರೆ ಗುರ್ ಎನ್ನುತ್ತ ಪಾದಗಳನ್ನು ಹಿಟ್ಟಿನ ಹಾಗೆ ನಾದುತ್ತಿತ್ತು. ಸಂಜೆ ಧಾರಾವಾಹಿಯ ಹೊತ್ತಿಗೆ ಅತ್ತೆ ಕಾಲುಗಳನ್ನು ಅದರೊಳಗೆ ಇಳಿಸಿ, ಮೇಲೆ ಹೊದಿಕೆ ಹೊದ್ದು, ಕಣ್ಣು ಅರೆಮುಚ್ಚಿ ಕೂರುತ್ತಿದ್ದರು. ಆ ಗುರ್ ಸದ್ದು ಮನೆಯವರಿಗೆ ಎಷ್ಟು ಅಭ್ಯಾಸವಾಗಿತ್ತೆಂದರೆ ಅದು ಅತ್ತೆಯದೋ ಯಂತ್ರದ್ದೋ ಎಂದು ಯಾರೂ ಯೋಚಿಸುತ್ತಿರಲಿಲ್ಲ.

ಆಗ ನಡೆಯುತ್ತಿದ್ದ ಧಾರಾವಾಹಿ ಇಡೀ ಕಟ್ಟಡದ ನಿದ್ದೆ ಕೆಡಿಸಿತ್ತು. ನಾಯಕಿ ಮೆಟ್ಟಿಲಿನಿಂದ ಉರುಳಿ ಬಿದ್ದು ನೆನಪು ಕಳೆದುಕೊಂಡಿದ್ದಳು. ಇಬ್ಬರು ಗಂಡಸರು ಬಂದು, ನಾನೇ ಇವಳ ಗಂಡ, ಅಲ್ಲ ನಾನೇ, ಎಂದು ಹಟ ಹಿಡಿದಿದ್ದರು. ಅವಳು ಯಾರತ್ತ ಬೆರಳು ತೋರಿಸುತ್ತಾಳೆ ಎಂಬುದೇ ಪ್ರಶ್ನೆ. ಅವಳು ಬೆರಳು ಎತ್ತಿದಳು. ಬಂತಣ್ಣನ ಮನೆಯ ಟೀವಿಯಲ್ಲಿ ಆ ಬೆರಳು ಚೌಕ ಚೌಕವಾಗಿ ಒಡೆದು, ಅರ್ಧ ಮುಖ ಒಂದು ಕಡೆ, ಬಾಯಿ ಇನ್ನೊಂದು ಕಡೆ ಹೋಗಿ, ಅಲ್ಲೇ ನಿಂತುಬಿಟ್ಟಿತು.

"ರೀ, ಹೋಯ್ತು! ಓಡಿ!" ಎಂದಳು ಹೆಂಡತಿ.

ಬಂತಣ್ಣ ಓಡಿದ. ಹೆಂಡತಿ ಟೀವಿಯ ಮುಂದಿನಿಂದ ಏಳುವವಳಲ್ಲ. ಹಾಗಾಗಿ ಅತ್ತೆಯೇ ಗೊಣಗುತ್ತ ಯಂತ್ರ ನಿಲ್ಲಿಸಿ, ಕಾಲು ಹೊರತೆಗೆದು, ಕಿಟಕಿಗೆ ಬಂದು ನಿಂತರು. ಬಂತಣ್ಣ ಕಂಬವನ್ನು ಬರೀ ಮುಟ್ಟಿದ್ದ.

"ಬಂತು ಅಳಿಯಂದ್ರೇ!" ಎಂದರು ಅತ್ತೆ.

ಎದೆ ಉಬ್ಬಿಸಿಕೊಂಡು ಕೆಳಗಿಳಿದ. ಅತ್ತೆ ಮತ್ತೆ ಕೂತು ಕಾಲು ಒಳಗಿಟ್ಟರು. ಚಿತ್ರ ಹೋಯಿತು. ಬಂತಣ್ಣ ಹತ್ತಿದ. ಅತ್ತೆ ಎದ್ದರು. ಚಿತ್ರ ಬಂತು. ಅವನು ಇಳಿದ, ಅವರು ಕೂತರು, ಅದು ಹೋಯಿತು. ಹೀಗೆ ಹತ್ತಿ ಇಳಿದು ಬಂತಣ್ಣನ ನಾಲಿಗೆ ಹೊರಗೆ ಬಿತ್ತು. ಕೊನೆಗೆ ಮೂವರಿಗೂ ಹೊಳೆದದ್ದು ಒಂದೇ. ಬಂತಣ್ಣ ತಾರಸಿಯಲ್ಲಿದ್ದರೆ ಚಿತ್ರ ಇರುತ್ತದೆ, ಇಳಿದರೆ ಹೋಗುತ್ತದೆ.

"ನಿಮ್ಮ ಮೈಯಲ್ಲಿ ಕಬ್ಬಿಣದ ಅಂಶ ಜಾಸ್ತಿ" ಎಂದರು ಮೇಷ್ಟರು ಇದನ್ನು ಕೇಳಿ. "ಎಷ್ಟು ವರ್ಷ ಬೂಟಿನ ಮೊಳೆಗಳ ಮಧ್ಯೆ ಕೂತಿದ್ದೀರಿ, ಸುಮ್ನೆನಾ?"

ಬಂತಣ್ಣನಿಗೆ ಒಳಗೊಳಗೇ ಖುಷಿಯಾಯಿತು. ಮರುದಿನ ಒಂದು ಸ್ಟೂಲನ್ನು ತಾರಸಿಗೆ ಹೊತ್ತುಕೊಂಡು ಹೋದ. ಸಂಜೆಯಾದರೆ ಸಾಕು, ಒಂದು ಕೈಯಲ್ಲಿ ಚಹಾದ ಲೋಟ, ಇನ್ನೊಂದು ಕೈಯಲ್ಲಿ ಕಂಬ. ಚಿತ್ರ ಹೋದರೆ ಕೂಗಿ ಹೇಳಲೆಂದು ಅತ್ತೆ ಕಿಟಕಿಯಲ್ಲೇ ನಿಂತಿರುತ್ತಿದ್ದರು. ಯಂತ್ರದ ವೈರು ಅಷ್ಟು ದೂರ ಬರುತ್ತಿರಲಿಲ್ಲ. ಚಿತ್ರ ಹೋಗುತ್ತಲೂ ಇರಲಿಲ್ಲ.

ತಾರಸಿಯ ಮೇಲೆ ಬಂತಣ್ಣನಿಗೊಂದು ಹೊಸ ಲೋಕ ತೆರೆದುಕೊಂಡಿತು. ಒಂದೊಂದು ಮನೆಯ ಡಬ್ಬಿಯದೂ ಒಂದೊಂದು ವೇಗ. ಹಾಗಾಗಿ ಧಾರಾವಾಹಿಯ ಮಾತು ಎಲ್ಲ ಕಿಟಕಿಗಳಿಂದ ಒಟ್ಟಿಗೆ ಬರುತ್ತಿರಲಿಲ್ಲ. ಮೊದಲು ಮೇಷ್ಟರ ಮನೆಯಿಂದ, "ನಾನು ಯಾರು?" ಆಮೇಲೆ ಎದುರು ಕಟ್ಟಡದಿಂದ, "ನಾನು ಯಾರು?" ತಡವಾಗಿ ಅವನದೇ ಮನೆಯಿಂದ, "ನಾನು ಯಾರು?" ನಾಯಕಿ ಒಂದು ಸಲ ಅತ್ತರೆ ಬಂತಣ್ಣನ ಕಿವಿಗೆ ಮೂರು ಸಲ ಅಳುತ್ತಿದ್ದಳು. ಅವನು ಕಣ್ಣು ಮುಚ್ಚಿ, ಬರೀ ಕಿವಿಯಲ್ಲೇ ಕಥೆಯನ್ನೆಲ್ಲ ಕಟ್ಟಿಕೊಳ್ಳುತ್ತಿದ್ದ. ಒಬ್ಬ ನಾಯಕನಿಗೆ ಮೀಸೆ ಇಟ್ಟ, ಇನ್ನೊಬ್ಬನಿಗೆ ಹರಿದ ಬೂಟು ಹಾಕಿದ. ಜೀವನದಲ್ಲಿ ಮೊದಲ ಸಲ ಒಂದು ಧಾರಾವಾಹಿಯ ರುಚಿ ಹತ್ತಿತು.

ರುಚಿ ಕೆಟ್ಟದ್ದು ಅತ್ತೆಗೆ. "ನಿಂತೂ ನಿಂತೂ ನನ್ನ ಕಾಲು ಬೂದುಗುಂಬಳ ಆಗಿದೆ" ಎಂದು ಒಂದು ಸಂಜೆ ಅವರು ದಂಗೆ ಎದ್ದರು. "ಚಿತ್ರ ಹೋದಾಗ ನೋಡೋಣ. ಅಳಿಯಂದ್ರು ಹೇಗೂ ಮೇಲಿದ್ದಾರಲ್ಲ." ಎಂದವರೇ ಕೂತು, ಕಾಲು ಇಳಿಸಿ, ಗುಂಡಿ ಅದುಮಿದರು.

ಚಿತ್ರ ಚೌಕ ಚೌಕವಾಗಿ ಒಡೆಯಿತು.

"ರೀ, ಹೋಯ್ತು!" ಎಂದು ಕಿರುಚಿದಳು ಹೆಂಡತಿ.

"ಅದು ಹೇಗೆ ಹೋಗುತ್ತೆ? ನಾನಿಲ್ಲೇ ಇದ್ದೀನಲ್ಲ!" ಬಂತಣ್ಣ ಸ್ಟೂಲು ಒದ್ದು ಎದ್ದು, ಕಂಬವನ್ನು ಎರಡೂ ಕೈಗಳಲ್ಲಿ ತಬ್ಬಿಕೊಂಡ.

ಹೆಂಡತಿ ಟೀವಿ ನೋಡಿದಳು. ತಾಯಿಯ ಮುಖ ನೋಡಿದಳು. ತಾಯಿಯ ಕಾಲಿನ ಮೇಲೆ ಗಡಗಡ ನಡುಗುತ್ತಿದ್ದ ಹೊದಿಕೆ ನೋಡಿದಳು. ಮೆಲ್ಲಗೆ ಗೋಡೆಯ ಹತ್ತಿರ ಹೋಗಿ ಯಂತ್ರದ ಸ್ವಿಚ್ಚು ಆರಿಸಿದಳು. "ಬಂತು!" ಹಾಕಿದಳು. "ಹೋಯ್ತು!" ಆರಿಸಿದಳು. "ಬಂತು!"

ಬಂತಣ್ಣ ತಾರಸಿಯ ಮೇಲೆ, ಎರಡೂ ಕೈ ಗಾಳಿಯಲ್ಲಿ ಎತ್ತಿಕೊಂಡು, "ನಾನು ಏನೂ ಮುಟ್ಟಿಲ್ಲ! ಆಣೆ, ಏನೂ ಮುಟ್ಟಿಲ್ಲ!" ಎಂದು ಆಕಾಶಕ್ಕೆ ವರದಿ ಒಪ್ಪಿಸುತ್ತಿದ್ದ.

ವಿಷಯ ತಿಳಿದಾಗ ಅವನ ಮುಖ ಹುಳ್ಳಗಾಯಿತು. ಹಳೆಯ ಪ್ರಸಾರವಿದ್ದಾಗಲೂ ಟೀವಿಗೆ ಆ ಯಂತ್ರದ ಕಾಟ ಇದ್ದೇ ಇತ್ತು. ಆದರೆ ಮೊದಲೇ ಮರಳು ಸುರಿಯುವ ಪರದೆಯ ಮೇಲೆ ನಾಲ್ಕು ಚುಕ್ಕೆ ಹೆಚ್ಚಿಗೆ ಬಿದ್ದರೆ ಯಾರು ಗಮನಿಸುತ್ತಾರೆ?

"ನನ್ನ ಮೈಯಲ್ಲಿ ಏನೂ ಇಲ್ಲ ಅಂತಾಯ್ತು" ಎಂದ ಸಣ್ಣ ದನಿಯಲ್ಲಿ.

"ಇಲ್ಲದಿದ್ರೆ ಒಳ್ಳೇದೇ ಬಿಡಿ" ಎಂದಳು ಹೆಂಡತಿ. "ಈಗ ಅಮ್ಮನ್ನ ಕೇಳಿ, ಟೀವಿ ಬೇಕಾ, ಯಂತ್ರ ಬೇಕಾ?"

"ಎರಡೂ ಬೇಕು" ಎಂದರು ಅತ್ತೆ, ಕಣ್ಣು ಮಿಟುಕಿಸದೆ.

ಬಂತಣ್ಣ ತಲೆ ಕೆರೆದುಕೊಂಡ. ಮರುದಿನ ಧಾರಾವಾಹಿಯ ಕೊನೆಯ ಕಂತು. ನಾಯಕಿ ಗಂಡನ ಹೆಸರು ಹೇಳುವ ದಿನ. ಅಂಗಡಿಯಲ್ಲಿ ಯಾರಿಗೋ ಬಲಗಾಲಿನ ಬೂಟನ್ನು ಎಡಗಾಲಿಗೆ ತೊಡಿಸುತ್ತಿದ್ದಾಗ ಅವನಿಗೆ ದಾರಿ ಹೊಳೆಯಿತು. ಟೀವಿ ಕೆಳಗಿರಲಿ, ಯಂತ್ರವನ್ನು ಮೇಲೆ ಕೊಂಡುಹೋಗೋಣ. ಒಂದರ ಮುಖ ಒಂದು ನೋಡದಿದ್ದರೆ ಜಗಳವಿಲ್ಲ. ಧಾರಾವಾಹಿಯನ್ನು ಮೂರು ಕಿಟಕಿಗಳಿಂದ ಕೇಳುವ ಸುಖವನ್ನು ಅತ್ತೆಗೂ ತೋರಿಸಿದ ಹಾಗಾಗುತ್ತದೆ.

ಆ ಸಂಜೆ ಉದ್ದನೆಯ ವೈರು ಎಳೆದು, ಅತ್ತೆಯನ್ನು ಕೈ ಹಿಡಿದು ಹತ್ತಿಸಿ, ತಾರಸಿಯ ನಟ್ಟನಡುವೆ, ಗಾಳಿ ಚೆನ್ನಾಗಿ ಬರುವ ಜಾಗದಲ್ಲಿ ಕುರ್ಚಿ ಹಾಕಿದ. ಅದು ಎಲ್ಲ ಮನೆಗಳ ಆಂಟೆನಾಗಳ ಅಡಿಯೇ ಆಗಿತ್ತು. ಅತ್ತೆ ಕಾಲು ಇಳಿಸಿದರು. ಕೆಳಗೆ ನಾಯಕಿ, "ನನಗೆ ಎಲ್ಲಾ ನೆನಪಾಯ್ತು" ಎಂದಳು. ಎದುರು ಕಟ್ಟಡದಲ್ಲೂ ಎಂದಳು. "ನನ್ನ ಗಂಡ..."

ಬಂತಣ್ಣ ಸ್ವಿಚ್ಚು ಹಾಕಿದ.

"ಹೋಯ್ತು!" ಎಂದಳು ಹೆಂಡತಿ. "ಹೋಯ್ತು!" ಎಂದರು ಮೇಷ್ಟರು. "ಹೋಯ್ತೂ!" ಎಂದಿತು ಎರಡನೇ ಅಂತಸ್ತು. ಕೆಳಗಿನವರೆಗೂ ಒಂದೊಂದೇ ಕಿಟಕಿಯಿಂದ, ಗಂಡು ದನಿ, ಹೆಣ್ಣು ದನಿ, ಹಲ್ಲಿಲ್ಲದ ದನಿ, ಎಲ್ಲ ಸೇರಿ ಕಟ್ಟಡವೇ ಬಾಯಿ ತೆರೆದು ಕೂಗಿದ ಹಾಗಾಯಿತು.

ಬಂತಣ್ಣ ಹೌಹಾರಿ ಸ್ವಿಚ್ಚು ಆರಿಸಿದ. ಡಬ್ಬಿಗಳು ಅಗಿಯುವಷ್ಟು ಹೊತ್ತು ಮೌನ. ಆಮೇಲೆ, "ಬಂತು! ಬಂತು! ಬಂತೂ!"

ಇಷ್ಟು ವರ್ಷ ಒಂದೊಂದೇ ಮನೆಯಿಂದ ಕೇಳಿದ್ದ ಮಾತು, ಈಗ ಇಡೀ ಕಟ್ಟಡದಿಂದ ಒಟ್ಟಿಗೆ! ಬಂತಣ್ಣನ ಮೈಯ ರೋಮವೆಲ್ಲ ನಿಮಿರಿ ನಿಂತಿತು. ಮಾಡಬಾರದಿತ್ತು, ಅವನಿಗೂ ಗೊತ್ತು. ಆದರೂ ಬೆರಳು ಮಾತು ಕೇಳಲಿಲ್ಲ. ಇನ್ನೊಂದು ಸಲ ಹಾಕಿದ.

"ಹೋಯ್ತೂ!"

ಈ ಸಲ ಕೂಗಿನ ಹಿಂದೆಯೇ ಮೆಟ್ಟಿಲುಗಳ ಮೇಲೆ ದಡದಡ ಸದ್ದು ಕೇಳಿತು. ಓಡೋಣವೆಂದರೆ ಅತ್ತೆ, "ಅಳಿಯಂದ್ರೇ, ಕಾಲು ಸಿಕ್ಕಾಕ್ಕೊಂಡಿದೆ ರೀ!" ಎಂದು ಕೈ ಬಡಿಯುತ್ತಿದ್ದರು. ನಿಂತು ನಿಂತು ಊದಿದ ಪಾದಗಳು ತೂತಿನಲ್ಲಿ ಬಿಗಿದುಕೊಂಡಿದ್ದವು. ಬಂತಣ್ಣ ತಟ್ಟನೆ ಮಂಡಿಯೂರಿದ. ಒಂದು ಕೈ ಹಿಮ್ಮಡಿಯ ಕೆಳಗೆ, ಒಂದು ಕೈ ಬೆರಳುಗಳ ಮೇಲೆ. "ಬೆರಳು ಮಡಚಿ ಅತ್ತೆ, ಹಾಂ, ಈಗ ಸಡಿಲ ಬಿಡಿ... ಇದು ನಿಮಗೆ ಒಂದು ಸೈಜ್ ದೊಡ್ಡದೇ ಬೇಕಿತ್ತು" ಎನ್ನುತ್ತ ಒಂದು ಕಾಲು ಹೊರತೆಗೆಯುವಷ್ಟರಲ್ಲಿ ಮೇಷ್ಟರು ಮುಂದಾಗಿ ಇಡೀ ಕಟ್ಟಡ ತಾರಸಿಗೆ ನುಗ್ಗಿತು.

"ಏನ್ರೀ ಇದು? ಅವಳು ಹೆಸರು ಹೇಳೋ ಹೊತ್ತಿಗೇ ಬ್ರೇಕ್ ಹಾಕಿದ್ರಲ್ರೀ!" ಮೇಷ್ಟರು ಕೆಂಪಾಗಿದ್ದರು. ಹಿಂದೆ ಬಂತಣ್ಣನ ಹೆಂಡತಿ, ಕೈಯಲ್ಲಿ ರಿಮೋಟು ಹಿಡಿದು, ಅದನ್ನು ಎಸೆಯುವುದೋ ಬೇಡವೋ ಎಂದು ಯೋಚಿಸುತ್ತಿದ್ದಳು. "ಅವಳು ಯಾರ ಹೆಸರು ಹೇಳಿದ್ಳು? ನಿಮ್ಮಲ್ಲಿ ಯಾರಾದ್ರೂ ಕೇಳಿದ್ರಾ?" ಎಂದು ಮೇಷ್ಟರು ಸುತ್ತ ನೋಡಿದರು. ಎಲ್ಲರೂ ತಲೆಯಾಡಿಸಿದರು. ಆ ಹೊತ್ತಿಗೆ ಯಾರ ಮನೆಯಲ್ಲೂ ಟೀವಿ ನಡೆಯುತ್ತಿರಲಿಲ್ಲವಲ್ಲ.

"ನಾನು ಕೇಳಿದೆ" ಎಂದ ಬಂತಣ್ಣ, ನೆಲದಿಂದಲೇ.

ಎತ್ತಿದ್ದ ಕೈಗಳೆಲ್ಲ ಅರ್ಧದಲ್ಲಿ ನಿಂತವು.

"ಎದುರು ಕಟ್ಟಡದ ಟೀವಿ ನಡೀತಾನೇ ಇತ್ತು" ಎಂದ ಬಂತಣ್ಣ. "ನಾನು ಪೂರ್ತಿ ಕೇಳಿದೆ."

"ಯಾರಂತೆ? ಬೇಗ ಹೇಳ್ರೀ!" ಎಂದಳು ಹೆಂಡತಿ.

ಬಂತಣ್ಣ ನಿಧಾನವಾಗಿ ಅತ್ತೆಯ ಇನ್ನೊಂದು ಕಾಲು ಬಿಡಿಸಿದ. ಎದ್ದ. ಪ್ಯಾಂಟಿನ ಮಂಡಿ ಒರೆಸಿಕೊಂಡ. "ಅವಳು ಹೇಳಿದ್ಳು, ನನ್ನ ಗಂಡ ಅಂತ ಯಾರೂ ಇಲ್ಲ, ನನಗೆ ಮದ್ವೇನೇ ಆಗಿಲ್ಲ! ಇಬ್ಬರೂ ಕಳ್ಳರು, ಎತ್ತಾಕ್ಕೊಂಡು ಹೋಗಿ ಇವರನ್ನ! ಅಂದ್ಳು. ತಕ್ಷಣ ಪೊಲೀಸಿನವರು, ದಪ್ಪ ದನೀಲಿ, ಮಗಳೇ ಅಂತ ಗೋಳೋ ಅಂತ ಅತ್ತರು."

"ಪೊಲೀಸು ಯಾಕೆ ಅಳ್ತಾರೆ?" ಎಂದರು ಮೇಷ್ಟರು.

"ಅದೇ ದಿನಾ ಗದರಿಸೋ ಪೊಲೀಸು, ಗೊಗ್ಗರು ದನಿ..."

"ಅಯ್ಯೋ, ಅದು ಅವಳ ಚಿಕ್ಕಮ್ಮ ಕಣ್ರೀ!" ಎಂದಳು ಹೆಂಡತಿ.

ತಾರಸಿಯೇ ಘೊಳ್ಳೆಂದಿತು. ಮೇಷ್ಟರು ಹೊಟ್ಟೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತರು. ಮತ್ತೆ ಹೇಳಿ, ಮೊದಲಿನಿಂದ ಹೇಳಿ ಎಂದು ಎಲ್ಲರೂ ಸುತ್ತ ಕೂತರು. ಬಂತಣ್ಣ ನಾಯಕಿಯೂ ಆದ, ಇಬ್ಬರು ಗಂಡಂದಿರೂ ಆದ, ಚಿಕ್ಕಮ್ಮನೂ ಆದ. ಚಿಕ್ಕಮ್ಮನಾದಾಗ ಮಾತ್ರ ಅವನಿಗೇ ತಿಳಿಯದಂತೆ ಸೆಲ್ಯೂಟ್ ಹೊಡೆಯುತ್ತಿದ್ದ. ಕೆಳಗಿನ ಮನೆಗಳಲ್ಲಿ ಟೀವಿಗಳು ಮತ್ತೆ ಬಂದು, ನೋಡುವವರಿಲ್ಲದೆ ತಮ್ಮ ಪಾಡಿಗೆ ತಾವು ಮಾತಾಡಿಕೊಳ್ಳುತ್ತಿದ್ದವು.

ಅಂದಿನಿಂದ ಅತ್ತೆಯ ಯಂತ್ರ ಬೆಳಗಿನ ಹೊತ್ತು, ಎಲ್ಲರೂ ಕೆಲಸಕ್ಕೆ ಹೋದ ಮೇಲೆ ನಡೆಯಬೇಕೆಂದು ಕಟ್ಟಡದವರೆಲ್ಲ ಸೇರಿ ತೀರ್ಮಾನಿಸಿದರು. ಅತ್ತೆ ಒಪ್ಪಿದರು. ಬೆಳಗ್ಗೆ ಒತ್ತಿಸಿಕೊಂಡರೆ ದಿನವಿಡೀ ಕಾಲು ಹಗುರವಂತೆ.

ಬಂತಣ್ಣನಿಗೆ ತಾರಸಿಯ ಕೆಲಸ ತಪ್ಪಿತು. ಹೊಸ ಧಾರಾವಾಹಿ ಶುರುವಾದ ದಿನ ಅವನು ಮೊದಲ ಬಾರಿಗೆ ಹೆಂಡತಿಯ ಪಕ್ಕದಲ್ಲಿ, ಟೀವಿಯ ಎದುರು ಕೂತ. ಕೈ ಎಲ್ಲಿಡಬೇಕೆಂದು ಗೊತ್ತಾಗದೆ ಮೊದಲು ತೊಡೆಯ ಮೇಲೆ, ಆಮೇಲೆ ಬಗಲಲ್ಲಿ ಇಟ್ಟುಕೊಂಡ. "ಇವಳು ಯಾರು? ಅವನಿಗೇನಾಗಬೇಕು? ಅಳ್ತಿರೋದು ಯಾಕೆ?" ಎಂದು ಕೇಳಿ ಕೇಳಿ ಹೆಂಡತಿಯ ತಲೆ ಚಿಟ್ಟು ಹಿಡಿಸಿದ. "ಸುಮ್ನೆ ನೋಡ್ರೀ, ಗೊತ್ತಾಗತ್ತೆ" ಎಂದಳು ಅವಳು.

ಸುಮ್ಮನೆ ನೋಡಿದ. ಸ್ವಲ್ಪ ಹೊತ್ತಿನ ಮೇಲೆ ಹೆಂಡತಿ ತಿರುಗಿ ನೋಡಿದರೆ ಗಂಡನ ಕಣ್ಣಿಂದ ದಳದಳ ನೀರು. ಪರದೆಯ ಮೇಲೆ ಮುದುಕರೊಬ್ಬರು ಮದುವೆಯಾಗಿ ಹೋದ ಮಗಳ ಕೋಣೆಗೆ ತಾವೇ ನಿಂತು ಬಣ್ಣ ಬಳಿಯುತ್ತಿದ್ದರು. ಮಗಳು ಬಾಗಿಲಲ್ಲಿ ಬಂದು ನಿಂತಳು. ಮುದುಕರ ಮೂಗಿನ ತುದಿಗೆ ಹಳದಿ ಬಣ್ಣ ಅಂಟಿತ್ತು.

"ರೀ" ಎಂದಳು ಹೆಂಡತಿ. "ಇದು ಪೇಂಟಿನ ಜಾಹೀರಾತು."

"ಹೌದಾ?" ಬಂತಣ್ಣ ಕಣ್ಣೊರೆಸಿಕೊಂಡ. "ಹಾಗಾದ್ರೆ ಧಾರಾವಾಹಿ ಯಾವುದು?"

"ಈಗ ಬರುತ್ತೆ."

"ಬರಲಿ ಬಿಡು" ಎಂದ ಬಂತಣ್ಣ, ಮೂಗು ಸೀಟಿಕೊಳ್ಳುತ್ತ. "ಆ ಬಣ್ಣ ಬಳಿಯೋ ಯಜಮಾನ್ರದ್ದು ನಾಳೇನೂ ಇರುತ್ತಾ?"